ಪಿ–ಎಚ್ ಜೋಡಿ: ‘ಫ’ ಯಾವಾಗ, ‘ಪ್‌ಹ’ ಯಾವಾಗ?

ಉದ್ದನೆಯ ಇಂಗ್ಲಿಷ್ ಪದದ ನಡುವೆ ಪಿ, ಎಚ್ ಅಕ್ಕಪಕ್ಕ ಬಂದರೆ ಅವೆರಡರ ಮಧ್ಯೆ ಬೆರಳಿಟ್ಟು ನೋಡಿ. ಎಡಕ್ಕೂ ಬಲಕ್ಕೂ ಅರ್ಥವಿರುವ ಪದ ಉಳಿದರೆ ಬಿಡಿಸಿ ಓದಿ: ಲೂಪ್‌ಹೋಲ್, ಅಪ್‌ಹಿಲ್, ಹ್ಯಾಪ್‌ಹ್ಯಾಜರ್ಡ್ (‘ಹ್ಯಾಪ್’ ಅಂದರೆ ಅದೃಷ್ಟ, ಹಳೆಯ ಪದ). ಲೂಪ್‌ಹೋಲನ್ನು ‘ಲೂಫೋಲ್’ ಅನ್ನುವುದು ತಪ್ಪು. ಉಳಿದ ಕಡೆ ‘ಫ’: ಫಿಲಾಸಫಿ, ಫೋಟೋಸಿಂಥೆಸಿಸ್, ಆಂಫಿಥಿಯೇಟರ್. ಕಾರಣ, ಗ್ರೀಕಿನ ‘ಫೈ’ ಅಕ್ಷರವನ್ನು ರೋಮನ್ನರು ಪಿ–ಎಚ್ ಎಂದು ಬರೆದರು. ಅಚ್ಚ ಇಂಗ್ಲಿಷ್ ಪದಗಳಲ್ಲಿ ಈ ಜೋಡಿ ಹುಟ್ಟುವುದು ಎರಡು ಪದ ಕೂಡಿದಾಗ. ಕೈಕೊಡುವ ಕಡೆಗಳೂ ಇವೆ. ಕುರಿ ಕಾಯುವವನು ‘ಶೆಪರ್ಡ್’. ಶೀಪ್, ಹರ್ಡ್ ಕೂಡಿದ ಪದವೇ ಆದರೂ ಎಚ್ ಉಚ್ಚಾರವಿಲ್ಲ. ಹೆಸರುಗಳಲ್ಲಂತೂ ಈ ಉಪಾಯ ನಂಬಬೇಡಿ: ಪಿ–ಎಚ್ ಬರೆದ ಸ್ಟೀಫನ್ ಎಷ್ಟೋ ಬಾರಿ ‘ಸ್ಟೀವನ್’, ಲಂಡನ್ನಿನ ಬಡಾವಣೆ ‘ಕ್ಲ್ಯಾಪಮ್’.