ಚುನಾವಣಾ ವೇಳಾಪಟ್ಟಿ: ದಿನ ಎಣಿಸುವುದು, ತಕರಾರು ಎತ್ತುವುದು

ವಿಧಾನಸಭೆ, ಲೋಕಸಭೆ ಚುನಾವಣೆಯ ದಿನಗಳನ್ನು ಆಯೋಗದ ಪತ್ರಿಕಾಗೋಷ್ಠಿಯಿಂದ ಎಣಿಸಬೇಡಿ, ಅಧಿಸೂಚನೆ ಹೊರಬಿದ್ದ ದಿನದಿಂದ ಎಣಿಸಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 30ನೇ ಕಲಂ ಪ್ರಕಾರ ಏಳನೇ ದಿನ ನಾಮಪತ್ರ ಸಲ್ಲಿಕೆಗೆ ಕೊನೆ, ಮರುದಿನ ಪರಿಶೀಲನೆ, ಅದಾಗಿ ಎರಡನೇ ದಿನ ವಾಪಸಾತಿಗೆ ಕೊನೆ. ಇವು ಸಾರ್ವಜನಿಕ ರಜೆಗೆ ಬಿದ್ದರೆ ಮುಂದಿನ ದಿನಕ್ಕೆ ಹೋಗುತ್ತವೆ. ಲೆಕ್ಕ ತಪ್ಪುವುದು ಇಲ್ಲೇ. ಕರ್ನಾಟಕದ 2023ರ ಚುನಾವಣೆ ನೋಡಿ: ಅಧಿಸೂಚನೆ ಏಪ್ರಿಲ್ 13, ಸಲ್ಲಿಕೆ 20, ಪರಿಶೀಲನೆ 21. ವಾಪಸಾತಿ 23ಕ್ಕೆ ಮುಗಿಯಬೇಕಿತ್ತು, ಭಾನುವಾರವಾದ್ದರಿಂದ 24. ಅಲ್ಲಿಂದ ಹದಿನಾಲ್ಕನೇ ದಿನಕ್ಕೆ ಮುಂಚೆ ಮತದಾನ ಇಡುವಂತಿಲ್ಲ. ಆಗಿದ್ದು ಮೇ 10.

ಹಬ್ಬ, ಪರೀಕ್ಷೆಯ ಆಕ್ಷೇಪಣೆಯಿದ್ದರೆ ದಿನಾಂಕ ಘೋಷಣೆಗೂ ಮೊದಲೇ ಆಯೋಗಕ್ಕೆ ಲಿಖಿತವಾಗಿ ಕೊಡಿ. ಅಧಿಸೂಚನೆಯ ನಂತರ ಸಂವಿಧಾನದ 329(ಬಿ) ವಿಧಿ ಅಡ್ಡ ಬರುತ್ತದೆ: ಮಧ್ಯದಲ್ಲಿ ತಡೆಯಾಜ್ಞೆ ಸಿಗುವುದು ಬಹಳ ಕಷ್ಟ. ಉಳಿಯುವುದು ಫಲಿತಾಂಶದ ನಂತರ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ.