ಹಾಟ್ ಟಬ್ಬಿಗೆ ಎಕ್ಸ್‌ಟೆಂಡೆಡ್ ವಾರಂಟಿ: ನಾನು ಯಾಕೆ ಬೇಡ ಅಂದೆ

ನಾವಿರೋದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಸಬರ್ಬು. ನಮ್ಮನೆಯವ್ರಿಗೆ ಸೊಂಟನೋವು ಹಳೇದು, ಬಿಸಿನೀರಲ್ಲಿ ಅರ್ಧ ಗಂಟೆ ಕೂತ್ರೆ ಮಾತ್ರ ರಾತ್ರಿ ನಿದ್ದೆ, ಅದಕ್ಕೇ 2018ರ ಸೆಪ್ಟೆಂಬರಲ್ಲಿ ಹಾಟ್ ಟಬ್ ತಗೊಂಡ್ವಿ. ಊರಲ್ಲಿರೋರಿಗೆ ಹೇಳೋದಾದ್ರೆ ಇದು ಮನೆ ಹಿಂದೆ ಬಯಲಲ್ಲೇ ಇಡೋ ದೊಡ್ಡ ತೊಟ್ಟಿ, ನಮ್ಮದು 400 ಗ್ಯಾಲನ್‌ದು, ಅಂದ್ರೆ 1500 ಲೀಟರ್ ಚಿಲ್ಲರೆ, ದಿನಾ ತುಂಬಿಸಿ ಚೆಲ್ಲೋದಲ್ಲ, ಅದೇ ನೀರು ಮೂರ್ನಾಲ್ಕು ತಿಂಗಳು ಪಂಪಲ್ಲಿ ಸುತ್ತಿ ಫಿಲ್ಟರ್ ಆಗಿ ಹೀಟರಲ್ಲಿ ಕಾದು ವಾಪಸ್ ಬರ್ತಾನೇ ಇರುತ್ತೆ. 104 ಡಿಗ್ರಿ ಫ್ಯಾರನ್‌ಹೀಟ್ ಅಂದ್ರೆ 40 ಡಿಗ್ರಿ ಸೆಲ್ಸಿಯಸ್ ದಾಟೋಕೆ ಕಂಟ್ರೋಲರ್ ಬಿಡಲ್ಲ. ಕೊಪ್ಪದಲ್ಲಿ ನಮ್ಮಮ್ಮನ ಬಚ್ಚಲಮನೆ ಹಂಡೆ ನಾನು ಹುಟ್ಟೋಕೆ ಮುಂಚಿಂದ ಇದೆ, ಅದಕ್ಕೆ ಕೆಡೋಕೆ ಏನಿದೆ, ತಾಮ್ರ, ನೀರು, ಕೆಳಗೆ ಬೆಂಕಿ. ಈ ಟಬ್ಬಲ್ಲಿ ಪಂಪು, ಹೀಟರು, ಸರ್ಕ್ಯೂಟ್ ಬೋರ್ಡು, ಸೆನ್ಸರು, ಓಝೋನ್ ಮಾಡೋ ಡಬ್ಬಿ, ಪೈಪು, ಒಂದೊಂದು ಪೈಪಿಗೂ ಅಂಟು ಹಾಕಿದ ಜಾಯಿಂಟು. ಕೆಡೋದಂತೂ ಕೆಡುತ್ತೆ, ಅದರಲ್ಲಿ ಡೌಟಿಲ್ಲ.

ಬಿಲ್ಲು 7,900 ಡಾಲರ್ ಆಗಿತ್ತು. ಸೈನ್ ಮಾಡೋ ಹೊತ್ತಿಗೆ ಅಂಗಡಿಯೋನು ಇನ್ನೊಂದು ಪೇಪರ್ ಮುಂದಿಟ್ಟ, ಎಕ್ಸ್‌ಟೆಂಡೆಡ್ ವಾರಂಟಿ, ಅಂದ್ರೆ ಕಂಪನಿ ವಾರಂಟಿ ಮುಗಿದ ಮೇಲೂ ರಿಪೇರಿ ನೋಡ್ಕೊಳ್ಳೋದು, 1,295 ಡಾಲರ್, ಐದನೇ ವರ್ಷದ ತನಕ. ಕಂಪನಿ ವಾರಂಟಿ ಹೆಂಗಿತ್ತು ಅಂದ್ರೆ ತೊಟ್ಟಿ ಸೋರಿದ್ರೆ ಐದು ವರ್ಷ, ಪಾರ್ಟ್ಸಿಗೆ ಎರಡು ವರ್ಷ, ಲೇಬರ್‌ಗೆ ಒಂದೇ ವರ್ಷ. "ಬೋರ್ಡ್ ಒಂದು ಹೋದ್ರೆ ಸಾಕು, ಈ ದುಡ್ಡು ಬಂದ್ಬಿಡುತ್ತೆ" ಅಂದ. ನಮ್ಮನೆಯವ್ರು ಪೆನ್ ಎತ್ತಿದ್ರು. ನಾನು ತಡೆದು, ಬಣ್ಣದ ಬ್ರೋಷರ್ ಬೇಡ, ನಿಜವಾದ ಕಾಂಟ್ರಾಕ್ಟ್ ಪೂರ್ತಿ ಕೊಡಿ, ಮನೆಗೆ ತಗೊಂಡ್ಹೋಗಿ ಓದ್ತೀನಿ ಅಂದೆ. ಇವತ್ತೇ ತಗೊಂಡ್ರೆ ಮಾತ್ರ ಈ ರೇಟು ಅಂದ, ಆಮೇಲೆ ಒಳಗೆ ಹೋಗಿ ಕೇಳ್ಕೊಂಡು ಬಂದು ಮೊದಲ ವರ್ಷ ಮುಗಿಯೋ ತನಕ ತಗೋಬಹುದು ಅಂತ ಒಪ್ಕೊಂಡ. ಈ ಒಂದು ಪ್ರಶ್ನೆ ಎಲ್ಲರೂ ಕೇಳ್ಲೇಬೇಕು, ಕೊನೇ ದಿನಾಂಕ ಯಾವತ್ತು ಅಂತ, ಕೇಳಿದ್ದಕ್ಕೇ ನನಗೆ ಒಂದು ಚಳಿಗಾಲ ಪೂರ್ತಿ ನೋಡೋಕೆ ಸಿಕ್ತು.

ಆ ಚಳಿಗಾಲ ಎಂಥದ್ದು ಅಂತ ಇಲ್ಲಿರೋ ಕನ್ನಡದೋರಿಗೆಲ್ಲ ನೆನಪಿರುತ್ತೆ. 2019ರ ಜನವರಿ 30, ಪೋಲಾರ್ ವೋರ್ಟೆಕ್ಸ್, ಅಂದ್ರೆ ಉತ್ತರ ಧ್ರುವದ ಕಡೆಯ ಚಳಿಗಾಳಿ, ಬಂದಾಗ ಮಿನಿಯಾಪೊಲಿಸಲ್ಲಿ ಮೈನಸ್ 28 ಫ್ಯಾರನ್‌ಹೀಟ್, ಸೆಲ್ಸಿಯಸಲ್ಲಿ ಮೈನಸ್ 33, ಅವತ್ತು ಅಂಚೆ ಬಟವಾಡೆ ಕೂಡ ನಿಲ್ಲಿಸಿದ್ರು. ಅದೇ ವಾರ ನಮ್ಮ ಫ್ರೆಂಡ್ ಒಬ್ರ ಟಬ್ ನಿಂತ್ಹೋಯ್ತು. ಅವರ ಹತ್ರ ಎಕ್ಸ್‌ಟೆಂಡೆಡ್ ವಾರಂಟಿ ಇತ್ತು, ಕಂಪನಿ ಬೇರೆ, ಆದ್ರೆ ಪೇಪರ್ ನಮ್ಮ ಥರದ್ದೇ. ಇವರು ಫೋನ್ ಮಾಡಿದ್ರು, ವಾರಂಟಿಯೋರು ಕ್ಲೇಮ್ ನಂಬರ್ ಕೊಟ್ಟು, ನಮ್ಮ ಟೆಕ್ನಿಷಿಯನ್ ಬಂದು ನೋಡೋ ತನಕ ಯಾರೂ ಮುಟ್ಟಬಾರದು ಅಂದ್ರು. ಟೆಕ್ನಿಷಿಯನ್ ಬಂದಿದ್ದು ಎಂಟನೇ ದಿನ. ಅಷ್ಟೊತ್ತಿಗೆ ಪಂಪೊಳಗಿನ ನೀರು ಹೆಪ್ಪುಗಟ್ಟಿ ಪಂಪಿನ ಹೊಟ್ಟೆ ಬಿರಿದಿತ್ತು, ಎರಡು ಕಡೆ ಪೈಪ್ ಒಡೆದಿತ್ತು. ಮೊದಲು ಕೆಟ್ಟಿದ್ದು ಒಂದು ಸಣ್ಣ ಸೆನ್ಸರು, ಅದಕ್ಕೆ ದುಡ್ಡು ಕೊಟ್ರು. ಪಂಪಿಗೆ, ಪೈಪಿಗೆ ಕೊಡಲಿಲ್ಲ, ಯಾಕಂದ್ರೆ ಅದು ಫ್ರೀಝ್ ಡ್ಯಾಮೇಜು, ಕಾಂಟ್ರಾಕ್ಟಲ್ಲಿ ಅದಿಲ್ಲ. ಅವರ ಮನೆ ಹಿಂದೆ ನಿಂತು ಆ ಬಿರಿದ ಪಂಪ್ ಕೈಯಲ್ಲಿ ಹಿಡ್ಕೊಂಡಾಗ ನನಗೆ ಹೊಟ್ಟೆ ಉರೀತು, ವಾರಂಟಿಯೋರು ಹೇಳಿದ್ ಹಾಗೆ ಕೇಳಿ ಇವರು ಮುಟ್ಟದೇ ಕಾದ್ರು, ಕಾದಿದ್ದಕ್ಕೇ ನಷ್ಟ ಆಯ್ತು.

ನಾನು ಅಲ್ಲೀ ತನಕ ಲೆಕ್ಕ ಹಾಕ್ತಿದ್ದಿದ್ದು ಬೇರೆ ಥರ. ಯಾವ ಪಾರ್ಟ್ ಎಷ್ಟು ಸಲ ಹೋಗುತ್ತೆ, ಎಷ್ಟಾಗುತ್ತೆ, ಕೂಡಿದ್ರೆ 1,295 ದಾಟುತ್ತಾ ಇಲ್ವಾ ಅಂತ. ಆ ಲೆಕ್ಕ ಬೇಕು, ಆದ್ರೆ ಈ ಊರಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಜನವರಿಯಲ್ಲಿ ಕೆಟ್ರೆ ಎಷ್ಟು ದಿನದಲ್ಲಿ ಬರ್ತಾರೆ? ನೀರು ತಣ್ಣಗಾಗಿ ಪೈಪ್ ಒಡೆಯೋಕೆ ಎಷ್ಟು ದಿನ? ಎರಡನೇ ಉತ್ತರ ಮೊದಲನೇದಕ್ಕಿಂತ ಚಿಕ್ಕದಾದ್ರೆ ಆ ಕಾಗದ ದುಡ್ಡು ಕೊಡಬಹುದು, ಟಬ್ ಉಳಿಸಲ್ಲ.

ಬೇಸಿಗೆಯಲ್ಲಿ ಕಾಂಟ್ರಾಕ್ಟ್ ಹಿಡ್ಕೊಂಡು ಕೂತೆ. ಹದಿನಾಲ್ಕು ಪುಟ, ಪೆನ್ಸಿಲ್ ಹಿಡ್ಕೊಂಡು ಎರಡು ಸಂಜೆ. ಮೊದಲು ತಿಳಿದಿದ್ದು ಇದು ವಾರಂಟಿನೇ ಅಲ್ಲ, ಸರ್ವೀಸ್ ಕಾಂಟ್ರಾಕ್ಟು. ಅಮೆರಿಕದಲ್ಲಿ 1975ರ ಮ್ಯಾಗ್ನಸನ್ ಮಾಸ್ ಆಕ್ಟ್ ಅಂತ ಒಂದಿದೆ, ಅದರ ಪ್ರಕಾರ ವಸ್ತುವಿನ ಬೆಲೆಯಲ್ಲೇ ಸೇರಿ ಬರೋದು ವಾರಂಟಿ, ಬೇರೆ ದುಡ್ಡು ಕೊಟ್ಟು ತಗೊಳ್ಳೋದು ಸರ್ವೀಸ್ ಕಾಂಟ್ರಾಕ್ಟ್. ನಮ್ಮದನ್ನ ನಡೆಸೋರು ಟಬ್ ಮಾಡಿದ ಕಂಪನಿನೂ ಅಲ್ಲ ಅಂಗಡಿನೂ ಅಲ್ಲ, ಮೂರನೇ ಒಬ್ರು, ಬೇರೆ ರಾಜ್ಯದಲ್ಲಿರೋರು. ಅದೇ ಕಾನೂನಲ್ಲಿ ಇನ್ನೊಂದು ಉಪಯೋಗದ ಮಾತಿದೆ, ನಮ್ಮ ಬ್ರ್ಯಾಂಡ್ ಫಿಲ್ಟರೇ ಹಾಕಬೇಕು ಇಲ್ಲಾಂದ್ರೆ ವಾರಂಟಿ ಇಲ್ಲ ಅಂತ ಕಂಪನಿಯೋರು ಸುಮ್ಮನೆ ಹೇಳೋಹಂಗಿಲ್ಲ, ಆ ಫಿಲ್ಟರ್ ಬಿಟ್ಟಿ ಕೊಟ್ರೆ ಬೇರೆ ಮಾತು. ನಾವು ಹಾಕಿದ ಪಾರ್ಟಿಂದಲೇ ಹಾಳಾಗಿದ್ರೆ ಆ ಹಾಳಾಗಿದ್ದಕ್ಕೆ ಕೊಡಲ್ಲ ಅನ್ನಬಹುದು ಅಷ್ಟೇ.

ಏನೇನು ಬಿಟ್ಟಿದ್ರು ಅನ್ನೋ ಪುಟಕ್ಕೆ ಬಂದಾಗ ಪೆನ್ಸಿಲ್ ಗುರುತು ಜಾಸ್ತಿ ಆಯ್ತು. ಫ್ರೀಝ್ ಇಲ್ಲ. ಕವರ್ ಇಲ್ಲ, ಫಿಲ್ಟರ್ ಇಲ್ಲ, ಜೆಟ್ ಇಲ್ಲ, ತಲೆದಿಂಬು ಇಲ್ಲ, ಕವರಂತೂ ನಾಲ್ಕೈದು ವರ್ಷಕ್ಕೆ ಒಳಗಿನ ಫೋಮ್ ನೀರು ಕುಡಿದು ಎತ್ತೋಕಾಗದಷ್ಟು ಭಾರ ಆಗುತ್ತೆ, ಗ್ಯಾರಂಟಿಯಾಗಿ ಬದಲಾಯಿಸಬೇಕಾದ ವಸ್ತು ಅದು. ನೀರಿನ ಕೆಮಿಸ್ಟ್ರಿ ಸರಿಯಿಲ್ಲದೆ ಆದ ಡ್ಯಾಮೇಜ್ ಇಲ್ಲ. ಇದು ಅವರಿಗೆ ತಪ್ಪಿಸ್ಕೊಳ್ಳೋಕೆ ಬಹಳ ದೊಡ್ಡ ಬಾಗಿಲು, ಯಾಕಂದ್ರೆ ಹೀಟರ್ ಕಾಯಿಲ್ ಹೋಗೋದು ಹೆಚ್ಚಾಗಿ ನೀರಿಂದಲೇ, ಪಿಎಚ್, ಅಂದ್ರೆ ನೀರಿನ ಹುಳಿಯ ಅಳತೆ, 7.2ಕ್ಕಿಂತ ಕೆಳಗಿದ್ರೆ ಲೋಹ ತಿನ್ನುತ್ತೆ, ಗಡಸು ನೀರಾದ್ರೆ ಸುಣ್ಣ ಕಟ್ಟುತ್ತೆ, ನೀವು ನೀರನ್ನ ಚೆನ್ನಾಗೇ ಇಟ್ಟಿದ್ರಿ ಅಂತ ನೀವೇ ತೋರಿಸಬೇಕು. ಅವತ್ತಿಂದ ನಾನು ಒಂದು ನೋಟ್‌ಬುಕ್ ಇಟ್ಟೆ, ವಾರಕ್ಕೆ ಎರಡು ಸಲ ಪಿಎಚ್, ಕ್ಲೋರಿನ್, ಆಲ್ಕಲಿನಿಟಿ, ತಾರೀಖು. ವಾರಂಟಿ ತಗೊಂಡಿಲ್ಲ, ಆದ್ರೂ ಆ ಅಭ್ಯಾಸ ಉಳೀತು, ನಮ್ಮ ಹೀಟರ್ ಅಷ್ಟು ವರ್ಷ ಬಂದಿದ್ದಕ್ಕೆ ಅದೇ ಕಾರಣ ಅಂತ ನಾನು ನಂಬ್ತೀನಿ. ಇನ್ನೊಂದು ಸಾಲಿತ್ತು, ರಿಪೇರಿ ಜಾಗಕ್ಕೆ ಕೈ ಹೋಗೋ ಹಾಗೆ ಮಾಡಿಕೊಡೋ ಖರ್ಚು ಗ್ರಾಹಕರದ್ದು. ನಮ್ಮ ಟಬ್ಬಿನ ಎರಡು ಕಡೆ ಮರದ ಡೆಕ್ ಇದೆ. ಹಲಗೆ ಕೀಳೋ ಕೂಲಿ ನಮ್ಮ ತಲೆಗೇ. ಇದರ ಮೇಲೆ ಪ್ರತಿ ವಿಸಿಟ್‌ಗೆ 75 ಡಾಲರ್ ನಾವು ಕೊಡಬೇಕು.

ಆಮೇಲೆ ಊರಲ್ಲೇ ಸ್ವಂತವಾಗಿ ರಿಪೇರಿ ಮಾಡೋ ಇಬ್ಬರಿಗೆ ಫೋನ್ ಮಾಡಿದೆ. ಯಾವ ಕೆಲಸಕ್ಕೆ ಜಾಸ್ತಿ ಬರ್ತೀರಿ, ಎಷ್ಟಾಗುತ್ತೆ, ಜನವರಿಯಲ್ಲಿ ಎಷ್ಟು ದಿನಕ್ಕೆ ಬರ್ತೀರಿ. ಇಬ್ಬರೂ ಹೇಳಿದ್ದು ಹೀಟರು, ಪಂಪಿನ ಸೀಲು, ಸೆನ್ಸರು, ಅಪರೂಪಕ್ಕೆ ಬೋರ್ಡು. ಬಹಳಷ್ಟು ಬ್ರ್ಯಾಂಡಿನವ್ರು ಕಂಟ್ರೋಲ್ ಪೆಟ್ಟಿಗೆ ತಾವೇ ಮಾಡಲ್ಲ, ಬಾಲ್ಬೋವಾ, ಗೆಕೋ ಥರದ ಕಂಪನಿಗಳಿಂದ ತರಿಸ್ತಾರೆ, ಹಾಗಾಗಿ ಪಾರ್ಟ್ಸ್ ಹೊರಗೂ ಸಿಗುತ್ತೆ, ಇದು ನನಗೆ ಹೊಸ ವಿಷ್ಯ. ಒಬ್ಬರು ವಯಸ್ಸಾದೋರು, ಬಹಳ ತಾಳ್ಮೆಯಿಂದ ಮಾತಾಡಿದ್ರು, "ಹೀಟರ್ ಕಳಚೋದು ಕಲ್ತ್ಕೋ, ವೈರ್ ಕಳಚಿ ಪಂಪ್ ಓಡ್ತಾ ಇದ್ರೆ ನಾನು ಬರೋ ತನಕ ಟಬ್ ಸಾಯಲ್ಲ" ಅಂದ್ರು. ಆ ಮಾತಿಗೇ ನನ್ನ ತೀರ್ಮಾನ ಆಯ್ತು.

ಆಗಸ್ಟಲ್ಲಿ ಬೇಡ ಅಂತ ಇಮೇಲ್ ಹಾಕಿದೆ. ಆದ್ರೆ ಬೇಡ ಅಂದು ಕೈ ತೊಳ್ಕೊಂಡ್ರೆ ಆಗಲ್ಲ. 1,295 ಡಾಲರನ್ನ ಅದೇ ದಿನ ಬೇರೆ ಸೇವಿಂಗ್ಸ್ ಅಕೌಂಟಿಗೆ ಹಾಕಿದೆ, ಟಬ್ಬಿಗೆ ಬಿಟ್ಟು ಬೇರೆದಕ್ಕೆ ಮುಟ್ಟಲ್ಲ ಅಂತ ಇಬ್ಬರೂ ಮಾತಾಡ್ಕೊಂಡ್ವಿ. ಆ ದುಡ್ಡಲ್ಲೇ ಒಂದು ಹೀಟರ್ ಸೆಟ್ 185 ಡಾಲರಿಗೆ, ಒಂದು ಟೆಂಪರೇಚರ್ ಸೆನ್ಸರ್, ಕರೆಂಟ್ ಇದೆಯಾ ಇಲ್ವಾ ನೋಡೋ ಒಂದು ಮಲ್ಟಿಮೀಟರ್ ತಂದು ಬೇಸ್‌ಮೆಂಟಲ್ಲಿ ಇಟ್ಟೆ.

2022ರ ಫೆಬ್ರವರಿಯಲ್ಲಿ ಅದು ಬೇಕಾಯ್ತು. ಬೆಳಗ್ಗೆ ಆರಕ್ಕೆ ಕಾಫಿಗೆ ಹಾಲಿಟ್ಟು ಕಿಟಕೀಲಿ ನೋಡ್ತೀನಿ, ಟಬ್ಬಿನ ಪ್ಯಾನಲ್ ಕಪ್ಪಗಿದೆ. ಹೊರಗೆ ಮೈನಸ್ 10 ಫ್ಯಾರನ್‌ಹೀಟ್. ಗೋಡೆ ಮೇಲಿನ 50 ಆಂಪ್ ಜಿಎಫ್‌ಸಿಐ ಬ್ರೇಕರ್ ಬಿದ್ದಿತ್ತು, ಎತ್ತಿದ್ರೆ ಎರಡು ಸೆಕೆಂಡಿಗೆ ಮತ್ತೆ ಬಿತ್ತು. ಕರೆಂಟ್ ಎಲ್ಲೋ ನೀರಿಗೆ ಸೋರ್ತಿದ್ರೆ ಈ ಬ್ರೇಕರ್ ಬೀಳುತ್ತೆ, ಅದು ಜೀವ ಉಳಿಸೋ ವಸ್ತು, ಅದನ್ನ ಬೈಪಾಸ್ ಮಾಡೋ ಯೋಚನೆ ಕನಸಲ್ಲೂ ಮಾಡಬೇಡಿ, 240 ವೋಲ್ಟ್ ಅದು. ನೀರಿಗೆ ಥರ್ಮಾಮೀಟರ್ ಹಾಕಿದ್ರೆ 88, ಹಿಂದಿನ ರಾತ್ರಿ 102 ಇತ್ತು. ಬ್ರೇಕರ್ ಇಳಿಸಿ ಅದಕ್ಕೆ ಬೀಗ ಹಾಕಿ ಟಬ್ಬಿನ ಕ್ಯಾಬಿನೆಟ್ ತೆಗ್ದೆ, ಹಿಮದಲ್ಲಿ ಮಂಡಿಯೂರಿ, ಹೆಡ್‌ಲ್ಯಾಂಪ್ ಕಟ್ಕೊಂಡು, ಗ್ಲೌಸ್ ತೆಗೆದ್ರೆ ಬೆರಳು ಮರಗಟ್ಟುತ್ತೆ ಹಾಕ್ಕೊಂಡ್ರೆ ಸ್ಕ್ರೂ ಹಿಡಿಯೋಕಾಗಲ್ಲ. ಮೀಟರಲ್ಲಿ ನೋಡಿ ಕರೆಂಟಿಲ್ಲ ಅಂತ ಖಾತ್ರಿ ಮಾಡ್ಕೊಂಡು ಹೀಟರಿನ ಎರಡು ಕನೆಕ್ಷನ್ ಕಳಚಿದೆ. 5.5 ಕಿಲೋವಾಟ್ ಹೀಟರ್, ಎರಡು ತುದಿ ಮಧ್ಯೆ ಹತ್ತೂವರೆ ಓಮ್ ಹತ್ರ ತೋರಿಸಬೇಕು, ತೋರಿಸ್ತು. ಒಂದು ತುದಿಗೂ ಹೊರಗಿನ ಲೋಹದ ಕೊಳವೆಗೂ ಮಧ್ಯೆ ಏನೂ ತೋರಿಸಬಾರದು, ಅಲ್ಲಿ ಮೀಟರ್ ಓಡ್ತು. ಅಲ್ಲೇ ಗೊತ್ತಾಯ್ತು, ಕಾಯಿಲಿನ ಹೊದಿಕೆ ಎಲ್ಲೋ ಬಿರುಕು ಬಿಟ್ಟಿದೆ.

ಕಳಚಿದ ವೈರ್ ತುದಿಗಳಿಗೆ ಒಂದೊಂದಕ್ಕೂ ಕ್ಯಾಪ್ ಹಾಕಿ ಟೇಪ್ ಸುತ್ತಿ ಬ್ರೇಕರ್ ಎತ್ತಿದೆ. ನಿಂತ್ಕೊಳ್ತು. ಪಂಪ್ ಗುಂಯ್ ಅಂತ ಶುರುವಾಗಿದ್ದು ಕೇಳಿ ನಿಜವಾಗಿ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ಹರಿಯೋ ನೀರು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟಲ್ಲ, ಪಂಪ್ ಮೋಟರಿನ ಬಿಸಿನೂ ಒಂದಷ್ಟು ಸೇರುತ್ತೆ, ಇನ್ನು ಗಾಬರಿಯಿಲ್ಲ. ಆ ಹಿರಿಯರಿಗೆ ಫೋನ್ ಮಾಡಿದ್ರೆ ಮೂರು ದಿನ ಬಿಟ್ಟು ಬರ್ತೀನಿ ಅಂದ್ರು, ಬಂದು ನನ್ನ ಹತ್ರ ಇದ್ದ ಹೊಸ ಹೀಟರನ್ನೇ ಹಾಕಿ 160 ಡಾಲರ್ ತಗೊಂಡ್ರು. ಅಷ್ಟೊತ್ತಿಗೆ ನೀರು 61ಕ್ಕೆ ಇಳಿದಿತ್ತು, ಗಂಟೆಗೆ ನಾಲ್ಕೈದು ಡಿಗ್ರಿ ಏರ್ತಾ ರಾತ್ರಿ ಮಲಗೋ ಹೊತ್ತಿಗೆ ಕೂರೋ ಹಾಗಾಯ್ತು. ಅದೇ ವಾರಂಟಿ ತಗೊಂಡಿದ್ರೆ ಆ ಬೆಳಗ್ಗೆ ನಾನು ಕ್ಯಾಬಿನೆಟ್ ತೆಗೆಯೋ ಹಾಗೇ ಇರಲಿಲ್ಲ.

2023ರಲ್ಲಿ ಪಂಪಿನ ಸೀಲ್ ಸೋರ್ತು, ಬೇಸಿಗೆಯಲ್ಲಾದ್ದರಿಂದ ನಿಧಾನಕ್ಕೆ ನಾನೇ ಮಾಡಿದೆ, 40 ಡಾಲರ್. ಆ ಸೆಪ್ಟೆಂಬರಿಗೆ ಐದು ವರ್ಷ ತುಂಬ್ತು, ಕಾಂಟ್ರಾಕ್ಟ್ ತಗೊಂಡಿದ್ರೆ ಅದೂ ಮುಗೀತಿತ್ತು. ಅಕೌಂಟಲ್ಲಿ ಎಂಟುನೂರಕ್ಕೂ ಜಾಸ್ತಿ ಉಳಿದಿತ್ತು, ಅದರಲ್ಲೇ ಹೊಸ ಕವರ್ ಬಂತು.

ಇಷ್ಟಾದ್ರೂ ಎಲ್ಲರಿಗೂ ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ನನ್ನ ಆಫೀಸಲ್ಲಿ ಒಬ್ರು ತಗೊಂಡಿದ್ರು, ಅವರದು ಒಳಗೆಲ್ಲ ಫೋಮ್ ತುಂಬಿದ ಟಬ್, ಅದರೊಳಗೆ ಒಂದು ಜಾಯಿಂಟ್ ಸೋರಿದ್ರೆ ಎಲ್ಲಿ ಅಂತ ಹುಡುಕೋಕೇ ಫೋಮ್ ಕೆತ್ತಿ ಕೆತ್ತಿ ತೆಗೀಬೇಕು, ಪಾರ್ಟ್ ಐದು ಡಾಲರ್‌ದು, ಕೂಲಿ ಎರಡು ದಿನದ್ದು. ಅವರ ಕಾಂಟ್ರಾಕ್ಟಲ್ಲಿ ಪ್ಲಂಬಿಂಗ್ ಲೀಕೂ ಇತ್ತು ಲೇಬರೂ ಇತ್ತು, ಒಂದೇ ಕ್ಲೇಮಲ್ಲಿ ಕೊಟ್ಟ ದುಡ್ಡು ವಾಪಸ್ ಬಂತು.

ಹೋದ ತಿಂಗಳು ರಾಚೆಸ್ಟರ್ ಕಡೆಯ ಪರಿಚಯದೋರು ಇದೇ ಪ್ರಶ್ನೆ ಹಿಡ್ಕೊಂಡು ಫೋನ್ ಮಾಡಿದ್ರು, ಗಂಡ ಹೆಂಡ್ತಿ ಇಬ್ಬರೂ ಆಸ್ಪತ್ರೆಯಲ್ಲಿ ನೈಟ್ ಶಿಫ್ಟು, ಸ್ಕ್ರೂಡ್ರೈವರ್ ಹಿಡಿಯೋ ಪೈಕಿ ಅಲ್ಲ. ಕಾಂಟ್ರಾಕ್ಟ್ ಕಳಿಸಿ ಅಂದೆ, ಫೋನಲ್ಲೇ ಒಟ್ಟಿಗೆ ಓದಿದ್ವಿ. ಲೀಕ್ ಇದೆ, ಲೇಬರ್ ಇದೆ, ರಿಪೇರಿ ಮಾಡೋದು ಅದೇ ಊರಿನ ಅಂಗಡಿಯೋರೇ, ಮೂರನೆಯವ್ರಲ್ಲ, ಚಳಿಗಾಲದಲ್ಲಿ 48 ಗಂಟೆಯೊಳಗೆ ಬರ್ತೀವಿ ಅಂತ ಬರವಣಿಗೆಯಲ್ಲಿ ಕೊಟ್ಟಿದ್ರು. ತಗೊಳ್ಳಿ ಅಂದೆ. ಬ್ರೇಕರ್ ಎಲ್ಲಿದೆ ಅಂತ ಮಾತ್ರ ಇವತ್ತೇ ಇಬ್ಬರೂ ಹೋಗಿ ನೋಡ್ಕೊಂಡ್ ಬನ್ನಿ ಅಂತಾನೂ ಅಂದೆ.