ಕ್ಲಾಸೂ ಬೇಕು, ಕ್ಯಾಟರಿಂಗೂ ಬೇಕು: ಸೆಮಿಸ್ಟರ್ ಹೊಂದಿಸುವುದು ಹೇಗೆ?

ಮಂಗಳೂರಿನ ಯಾವುದಾದರೂ ಹಾಲ್‌ನಲ್ಲಿ ಮದುವೆ ಊಟಕ್ಕೆ ಕುಳಿತಾಗ ಬಡಿಸುವ ಹುಡುಗರ ಮುಖ ನೋಡಿ. ಮರುದಿನ ಬೆಳಿಗ್ಗೆ ಕ್ಲಾಸಿನಲ್ಲಿರಬೇಕಾದವರು ಒಬ್ಬಿಬ್ಬರಾದರೂ ಸಿಗುತ್ತಾರೆ. ನಾನೂ ಹಾಗೆ ಬಡಿಸಿದವನೇ. ಎರಡನೇ ಸೆಮಿಸ್ಟರಿನಲ್ಲಿ ಹಾಜರಾತಿ ಸಾಲದೆ, ಪ್ರಿನ್ಸಿಪಾಲ್ ಫಾದರ್ ಎದುರು ಅಪ್ಪನನ್ನು ತಂದು ನಿಲ್ಲಿಸಿದ್ದೂ ಉಂಟು. ತಪ್ಪು ನನ್ನದೇ. ನನಗೆ ಲೆಕ್ಕ ಗೊತ್ತಿರಲಿಲ್ಲ.

ಹಾಗಾಗಿ ಮೊದಲು ಲೆಕ್ಕ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ವಾರಕ್ಕೆ 4 ತರಗತಿಯಂತೆ 15 ವಾರ ನಡೆಯುವ ಪೇಪರ್‌ಗೆ ಒಟ್ಟು 60 ತರಗತಿ. ತಪ್ಪಿಸಿಕೊಳ್ಳಲು ಸಿಗುವುದು 15. ರಾತ್ರಿ ದುಡಿದು ಬಂದು ವಾರಕ್ಕೊಮ್ಮೆ ಅದೇ ಪೇಪರಿನ ಮೊದಲ ಪೀರಿಯಡ್ ನಿದ್ದೆಗೆ ಕೊಟ್ಟರೆ ಆ 15 ಅಲ್ಲಿಗೇ ಖಾಲಿ. ಜ್ವರ ಬಂದರೆ, ಊರಲ್ಲಿ ಭೂತಕೋಲವಿದ್ದರೆ ಏನು ಮಾಡುತ್ತೀರಿ? ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಪ್ಪಿದ ತರಗತಿಗೊಂದರಂತೆ ಪೇಪರ್‌ವಾರು ಗೀಟು ಹಾಕುತ್ತಾ ಬನ್ನಿ. ಎಂಟು ಗೀಟು ದಾಟಿದರೆ ಎಚ್ಚರ.

ಆಮೇಲೆ ಕ್ಯಾಲೆಂಡರ್. ಕಾಲೇಜಿನದ್ದು ಮಾತ್ರ ಸಾಲದು, ಮದುವೆಗಳದ್ದೂ ಪಕ್ಕದಲ್ಲಿರಬೇಕು. ಕರಾವಳಿಯಲ್ಲಿ ಕ್ಯಾಟರಿಂಗ್ ಕೆಲಸಕ್ಕೆ ಅದರದ್ದೇ ಆದ ಋತುಗಳಿವೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ಎಂಬ ತುಳು ತಿಂಗಳಲ್ಲಿ ಹಿಂದೂ ಮದುವೆಗಳಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೂ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲೂ ಕ್ಯಾಥೊಲಿಕ್ ಮದುವೆಗಳು ಸಾಮಾನ್ಯವಾಗಿ ನಡೆಯುವುದಿಲ್ಲ. ಕ್ರಿಸ್‌ಮಸ್ ಮುಗಿದದ್ದೇ ತಡ, ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರದವರೆಗೆ ಒಂದರ ಮೇಲೊಂದು. ಅದರಲ್ಲೂ ಒಂದು ಮದುವೆಯೆಂದರೆ ಒಂದೇ ದಿನದ ಕೆಲಸವಲ್ಲ: ಮುನ್ನಾದಿನ ಸಂಜೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್, ಮರುದಿನ ರಿಸೆಪ್ಷನ್. ಎರಡಕ್ಕೂ ‘ಹೂಂ’ ಅಂದವರಿಗೆ ಮೂರನೇ ದಿನ ಬೆಳಿಗ್ಗೆ ಕಣ್ಣು ಬಿಡಲಿಕ್ಕಾಗುವುದಿಲ್ಲ. ಏಪ್ರಿಲ್–ಮೇ ಬಂತೆಂದರೆ ಹಿಂದೂ ಮದುವೆಗಳ ಸಾಲು, ಪರೀಕ್ಷೆಯೂ ಹತ್ತಿರ.

ಈ ಋತುಗಳನ್ನು ಹಿಡಿದೇ ಓದು ಹಂಚಿಕೊಳ್ಳಿ. ಬೂದಿ ಬುಧವಾರ ಬರುವುದು ಈಸ್ಟರ್‌ಗೆ 46 ದಿನ ಮೊದಲು. 2026ರಲ್ಲಿ ಅದು ಫೆಬ್ರುವರಿ 18. ಅಲ್ಲಿಂದ ಈಸ್ಟರ್‌ವರೆಗೆ ಕರೆಗಳು ಕಡಿಮೆ. ಅಸೈನ್‌ಮೆಂಟ್, ಪ್ರಾಜೆಕ್ಟ್, ರೆಕಾರ್ಡ್ ಬರೆಯುವುದು ಎಲ್ಲವನ್ನೂ ಆ ಆರು ವಾರಗಳಲ್ಲಿ ತುರುಕಿ. ಜನವರಿಯಲ್ಲಿ ದುಡಿಯಿರಿ, ಆದರೆ ಹಾಜರಾತಿ ಮುಟ್ಟಬೇಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮನೆಯಲ್ಲಿ ಹೊಸ ಅಕ್ಕಿಯ ಊಟವಿದ್ದರೆ ಆ ದಿನ ಯಾರ ಕರೆಗೂ ಹೋಗಬೇಡಿ, ಅಮ್ಮನ ಬೈಗುಳ ತಿನ್ನುವಷ್ಟು ಸಂಬಳ ಯಾರೂ ಕೊಡುವುದಿಲ್ಲ.

ಇನ್ನು ಮಾತಾಡುವುದು. ಇಂಟರ್ನಲ್ಸ್‌ನ ಟೈಮ್‌ಟೇಬಲ್ ಬಂದ ದಿನವೇ ಕೆಲಸಕ್ಕೆ ಕರೆಯುವ ಅಣ್ಣನಿಗೆ ಫೋನ್ ಮಾಡಿ. ‘ಅಣ್ಣಾ, ಬುಧವಾರ ಇಂಟರ್ನಲ್ಸ್ ಉಂಟು, ಮಂಗಳವಾರ ಬರ್ಲಿಕ್ಕಾಗುದಿಲ್ಲ. ಆದಿತ್ಯವಾರ ಎರಡು ಹೊತ್ತೂ ಬರ್ತೇನೆ.’ ಇಷ್ಟು ಸಾಕು. ಹಾಲ್‌ಗೆ ಹೊರಡುವ ಹೊತ್ತಿಗೆ ಕೈ ಕೊಡುವ ಹುಡುಗರನ್ನು ಅವರು ಮತ್ತೆ ಕರೆಯುವುದಿಲ್ಲ. ಕಾಲೇಜಿನಲ್ಲೂ ನಿಮ್ಮ ಮೆಂಟರ್ ಸಿಸ್ಟರ್‌ಗೋ ಸರ್‌ಗೋ ಕೆಲಸದ ವಿಷಯ ಮೊದಲೇ ಹೇಳಿಡಿ. ನಾನು ನಾಚಿಕೆಯಿಂದ ಮುಚ್ಚಿಟ್ಟೆ, ಸೋಮಾರಿ ಅನ್ನಿಸಿಕೊಂಡೆ.

ಮೌಲ್ಯ ಶಿಕ್ಷಣದ ಪೀರಿಯಡ್ ಬಿಟ್ಟರೆ ನಷ್ಟವಿಲ್ಲ ಎಂದು ಸೀನಿಯರ್‌ಗಳು ಹೇಳಬಹುದು. ನಂಬಬೇಡಿ. ಕ್ರೈಸ್ತ ಕಾಲೇಜುಗಳಲ್ಲಿ ಫಾದರ್‌ಗಳ ಕಣ್ಣು ಮೊದಲು ಬೀಳುವುದೇ ಅಲ್ಲಿನ ಖಾಲಿ ಬೆಂಚಿನ ಮೇಲೆ.

ಉಡುಪಿ ಕಡೆಯಿಂದ ಬರುವವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓದುತ್ತೇನೆಂದು ಯೋಜನೆ ಹಾಕಬೇಡಿ. ಸೀಟು ಸಿಕ್ಕರೆ ನಿದ್ದೆ ಮಾಡಿ. ರಾತ್ರಿ ಕೆಲಸ ಒಪ್ಪುವ ಮೊದಲು ಮನೆಗೆ ಬಿಡುವ ವ್ಯವಸ್ಥೆ ಇದೆಯಾ ಕೇಳಿಕೊಳ್ಳಿ. ಹೊತ್ತು ಮೀರಿದರೆ ಸಿಟಿ ಬಸ್ ಸಿಗುವುದು ಕಷ್ಟ, ರಿಕ್ಷಾಕ್ಕೆ ಕೊಟ್ಟರೆ ದುಡಿದದ್ದರಲ್ಲಿ ಉಳಿಯುವುದೇನು?

ಹಣ ಕೈಗೆ ಬಂದಾಗ ಪರೀಕ್ಷಾ ಶುಲ್ಕ ಮೊದಲು ತೆಗೆದಿಡಿ. ಮತ್ತೆ, ಬಿಳಿ ಅಂಗಿಯನ್ನು ಆ ರಾತ್ರಿಯೇ ನೆನೆಸಿ. ಸಾಂಬಾರಿನ ಕಲೆ ಬೆಳಗ್ಗೆಗೆ ಹೋಗುವುದಿಲ್ಲ, ಮಳೆಗಾಲದಲ್ಲಂತೂ ಎರಡು ಅಂಗಿ ಇರಲೇಬೇಕು.